ಎಲೆ ತಿಂದು ಎಲೆಯ ಮೇಲೇ ಬದುಕುವ ಜೀರುಂಡೆಗಳು

ಎಲೆಗಿಂತ ಸುಲಭದ ಊಟ ಇನ್ನೇನಿದೆ ಅನ್ನಿಸುತ್ತದೆ. ಕಣ್ಣು ಹಾಯಿಸಿದಲ್ಲೆಲ್ಲ ಇದೆ. ಓಡಿಹೋಗುವುದಿಲ್ಲ, ತಿರುಗಿ ಕಚ್ಚುವುದಿಲ್ಲ. ಹಾಗಿದ್ದ ಮೇಲೆ ಕೀಟಗಳೆಲ್ಲ ಎಲೆ ಮೇಯ್ದುಕೊಂಡೇ ಇರಬಹುದಿತ್ತು, ಅಲ್ವಾ? ಆದರೆ ಕೀಟಗಳ ದೊಡ್ಡ ಗುಂಪುಗಳಲ್ಲಿ ಹೆಚ್ಚಿನವು ಎಲೆಯ ತಂಟೆಗೇ ಹೋಗಿಲ್ಲ.

ಕಾರಣ ಎರಡು. ಮೊದಲನೆಯದು, ಎಲೆ ಕೆಟ್ಟ ಊಟ. ಅದರಲ್ಲಿ ಪ್ರೋಟೀನ್ ಕಮ್ಮಿ, ಸುಲಭಕ್ಕೆ ಜೀರ್ಣವಾಗದ ನಾರು ಜಾಸ್ತಿ. ಮೇಲೆ ಮೇಣ ಅಥವಾ ಕೂದಲು, ಒಳಗೆ ಕಹಿ, ಅಂಟು, ವಿಷ. ಓಡಲಾಗದ ಗಿಡ ತನ್ನ ರಕ್ಷಣೆಯನ್ನೆಲ್ಲ ರಸಾಯನದಲ್ಲೇ ಇಟ್ಟುಕೊಂಡಿದೆ. ಎರಡನೆಯದು, ಎಲೆ ಕೆಟ್ಟ ಮನೆ. ಅದು ಬಯಲು ಜಾಗ. ಹಕ್ಕಿ, ಇರುವೆ, ಜೇಡ, ಕಣಜ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಿಸಿಲು ಒಣಗಿಸುತ್ತದೆ, ಗಾಳಿ ಬೀಳಿಸುತ್ತದೆ.

ಈ ಕೆಟ್ಟ ಊಟ ಮತ್ತು ಕೆಟ್ಟ ಮನೆ ಎರಡನ್ನೂ ಒಪ್ಪಿಕೊಂಡು ಬೆಳೆದ ಕುಟುಂಬವೊಂದಿದೆ. ಕ್ರೈಸೊಮೆಲಿಡೆ, ಅಂದರೆ ಎಲೆ ಜೀರುಂಡೆಗಳು. ಇದುವರೆಗೆ ಹೆಸರಿಟ್ಟಿರುವ ಪ್ರಭೇದಗಳೇ 35,000 ದಾಟುತ್ತವೆ. ಜೀರುಂಡೆಗಳಲ್ಲಿ ಇಷ್ಟು ದೊಡ್ಡ ಕುಟುಂಬಗಳು ಬೆರಳೆಣಿಕೆಯಷ್ಟು. ಇವುಗಳಲ್ಲಿ ವಿಷ ಕದಿಯುವವರಿದ್ದಾರೆ, ಹಿಕ್ಕೆ ಹೊರುವವರಿದ್ದಾರೆ, ಬಣ್ಣ ಬದಲಿಸುವವರು, ನೀರೊಳಗೆ ಉಸಿರಾಡುವವರೂ ಇದ್ದಾರೆ. ಮೊದಲ ಸಲ ಓದಿದಾಗ ಇದೆಲ್ಲ ಸಂಬಂಧವಿಲ್ಲದ ಚೋದ್ಯಗಳ ಪಟ್ಟಿಯಂತೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಈ ವಿಚಿತ್ರಗಳಲ್ಲಿ ಹೆಚ್ಚಿನವು ಅದೇ ಎರಡು ತೊಂದರೆಗಳಿಗೆ ಕಂಡುಕೊಂಡ ಬೇರೆ ಬೇರೆ ಉತ್ತರಗಳು.

ಯಾರು ಇವರು?

ಗುರುತಿಸುವ ವಿಷಯವನ್ನು ಬೇಗ ಮುಗಿಸಿಬಿಡೋಣ. ಹೆಚ್ಚಿನವು ಒಂದು ಸೆಂಟಿಮೀಟರ್‌ಗಿಂತ ಚಿಕ್ಕವು. ಉಬ್ಬಿದ ಬೆನ್ನು, ಮಧ್ಯಮ ಉದ್ದದ ಮೀಸೆ, ಹಲವು ಸಲ ಲೋಹದಂಥ ಹೊಳಪು. ಗುಲಗಂಜಿ ಹುಳು ಅಂದುಕೊಂಡು ಮೋಸಹೋಗುವವರು ಬಹಳ. ಅನುಮಾನ ಬಂದರೆ ಪಾದ ನೋಡಬೇಕು. ಎಲೆ ಜೀರುಂಡೆಯ ಪಾದದಲ್ಲಿ ಐದು ಗೆಣ್ಣುಗಳಿದ್ದರೂ ನಾಲ್ಕೇ ಕಾಣುತ್ತವೆ. ನಾಲ್ಕನೆಯದು ತೀರಾ ಸಣ್ಣದು, ಮೂರನೆಯದರ ಎರಡು ಹಾಳೆಗಳ ನಡುವೆ ಅಡಗಿಕೊಂಡಿರುತ್ತದೆ. ಗುಲಗಂಜಿ ಹುಳುವಿನಲ್ಲಿ ಮೇಲುನೋಟಕ್ಕೆ ಮೂರೇ ಗೆಣ್ಣು. ಇನ್ನು ಕಾಂಡ ಕೊರೆಯುವ ಉದ್ದ ಮೀಸೆಯ ಜೀರುಂಡೆಗಳು ಮತ್ತು ಮೂತಿ ಹುಳುಗಳು ಇವುಗಳ ಹತ್ತಿರದ ನೆಂಟರು. ಅವುಗಳ ಪಾದವೂ ಇದೇ ಥರ ಇರುವುದರಿಂದ ಅಲ್ಲಿ ಮೀಸೆ ಮತ್ತು ಮೂತಿಯನ್ನು ನೋಡಬೇಕು.

ಕುಟುಂಬದೊಳಗೆ ಹನ್ನೆರಡರ ಆಸುಪಾಸು ಉಪಕುಟುಂಬಗಳನ್ನು ಗುರುತಿಸುತ್ತಾರೆ. ಗಡಿಗಳ ಬಗ್ಗೆ ತಜ್ಞರ ಜಗಳ ಮುಗಿದಿಲ್ಲ. ಬೇಳೆಕಾಳು ಕೊರೆಯುವ ಜೀರುಂಡೆಗಳು ಬಹಳ ಕಾಲ ಬೇರೆಯದೇ ಕುಟುಂಬವಾಗಿದ್ದವು. ಈಗ ಅವನ್ನೂ ಇದರೊಳಗೇ ಸೇರಿಸಿದ್ದಾರೆ. ಎಲೆ ಮುಟ್ಟದೆ ಕಾಳಿನೊಳಗೇ ಬೆಳೆಯುವ ಎಲೆ ಜೀರುಂಡೆ!

ಜೀವನಚಕ್ರ ಉಳಿದ ಜೀರುಂಡೆಗಳದ್ದೇ: ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಚಿಟ್ಟೆಗಳಲ್ಲಿ ಎಲೆ ತಿನ್ನುವುದು ಮರಿಹುಳು, ದೊಡ್ಡದಾದ ಮೇಲೆ ಮಕರಂದ. ಎಲೆ ಜೀರುಂಡೆಗಳಲ್ಲಿ ಸಾಮಾನ್ಯವಾಗಿ ತಾಯಿಯೂ ಮರಿಯೂ ಒಂದೇ ಗಿಡ ತಿನ್ನುತ್ತವೆ, ಎಷ್ಟೋ ಸಲ ಒಂದೇ ಎಲೆಯನ್ನು. ಇನ್ನು ಹಲವು ಗುಂಪುಗಳಲ್ಲಿ ಮರಿ ಮಣ್ಣಿನೊಳಗೆ ಬೇರು ತಿನ್ನುತ್ತದೆ, ಪ್ರೌಢ ಕೀಟ ಮೇಲೆ ಎಲೆ ತಿನ್ನುತ್ತದೆ. ಹಾಗಾಗಿ ಬಹುತೇಕ ಎಲೆ ಜೀರುಂಡೆಗಳ ಇಡೀ ಬದುಕು ಒಂದು ಗಿಡಕ್ಕೆ ಅಂಟಿಕೊಂಡಿರುತ್ತದೆ. ಆ ಗಿಡದ ರಸಾಯನವನ್ನು ಗೆಲ್ಲದಿದ್ದರೆ ಬದುಕೇ ಇಲ್ಲ.

ನಾರನ್ನು ಒಡೆಯುವ ಸಾಲದ ಬುದ್ಧಿ

ಸಸ್ಯದ ಜೀವಕೋಶಕ್ಕೆ ಗೋಡೆ ಇರುತ್ತದೆ. ಸೆಲ್ಯುಲೋಸ್, ಪೆಕ್ಟಿನ್ ಮುಂತಾದವುಗಳಿಂದ ಕಟ್ಟಿದ ಗೋಡೆ. ಪ್ರಾಣಿಗಳಲ್ಲಿ ಹೆಚ್ಚಿನವಕ್ಕೆ ಇದನ್ನು ಒಡೆಯುವ ಕಿಣ್ವಗಳೇ ಇಲ್ಲ. ಎಲೆ ಜೀರುಂಡೆಗಳಲ್ಲಿ ಇವೆ. ಎಲ್ಲಿಂದ ಬಂದವು ಎಂದು ಜೀನ್‌ಗಳನ್ನು ಬಿಡಿಸಿ ನೋಡಿದರೆ, ಅವುಗಳಲ್ಲಿ ಹಲವು ಮೂಲತಃ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳವು. ಯಾವುದೋ ಕಾಲದಲ್ಲಿ ಈ ಜೀರುಂಡೆಗಳ ಪೂರ್ವಜರ ಜೀನೋಮ್‌ಗೆ, ಅಂದರೆ ಜೀನ್‌ಗಳ ಇಡೀ ಬರಹಕ್ಕೆ ಸೇರಿಕೊಂಡು, ಅಪ್ಪ ಅಮ್ಮನಿಂದ ಬಂದ ಆಸ್ತಿಯ ಹಾಗೆಯೇ ಮುಂದಿನ ಪೀಳಿಗೆಗಳಿಗೆ ಹರಿದಿವೆ. ಮೂತಿ ಹುಳುಗಳಲ್ಲೂ ಉದ್ದ ಮೀಸೆಯ ಜೀರುಂಡೆಗಳಲ್ಲೂ ಇದೇ ಕಥೆ. ಈ ಮೂರೂ ಗುಂಪುಗಳು ಇಷ್ಟು ಬೆಳೆದದ್ದಕ್ಕೆ ಇದೂ ಒಂದು ಕಾರಣ ಎಂದು ಸಂಶೋಧಕರು ವಾದಿಸುತ್ತಾರೆ.

ಜೀನ್ ಸಾಲ ತರದವರು ಬ್ಯಾಕ್ಟೀರಿಯಾವನ್ನೇ ಮನೆಯಲ್ಲಿಟ್ಟುಕೊಂಡಿದ್ದಾರೆ. ಥಿಸಲ್ ಎಂಬ ಮುಳ್ಳುಗಿಡದ ಎಲೆ ತಿನ್ನುವ ಕ್ಯಾಸಿಡಾ ರೂಬಿಜಿನೋಸಾ ಎಂಬ ಆಮೆ ಜೀರುಂಡೆಯ ಕಥೆ 2017ರಲ್ಲಿ ಹೊರಬಂತು. ಇದರ ಕರುಳಿನ ಪಕ್ಕದ ಚೀಲಗಳಲ್ಲಿ ಸ್ಟಾಮೆರಾ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಜೀನೋಮ್ ಬರೀ 2.7 ಲಕ್ಷ ಅಕ್ಷರಗಳಷ್ಟು. ನಮ್ಮ ಕರುಳಿನ ಸಾಮಾನ್ಯ ಇ. ಕೋಲೈಯದ್ದು 46 ಲಕ್ಷದಷ್ಟು ಅಂದರೆ ಇದೆಷ್ಟು ಚಿಕ್ಕದೆಂದು ಗೊತ್ತಾಗುತ್ತದೆ. ಸ್ವತಂತ್ರವಾಗಿ ಬದುಕಲು ಬೇಕಾದದ್ದನ್ನೆಲ್ಲ ಅದು ಕಳೆದುಕೊಂಡಿದೆ. ಆದರೆ ಪೆಕ್ಟಿನ್ ಒಡೆಯುವ ಜೀನ್‌ಗಳನ್ನು ಮಾತ್ರ ಬಿಟ್ಟಿಲ್ಲ. ತಾಯಿ ಮೊಟ್ಟೆ ಇಡುವಾಗ ಪ್ರತಿ ಮೊಟ್ಟೆಯ ತುದಿಯಲ್ಲಿ ಈ ಬ್ಯಾಕ್ಟೀರಿಯಾ ತುಂಬಿದ ಪುಟ್ಟ ಗುಳಿಗೆಯೊಂದನ್ನು ಅಂಟಿಸುತ್ತದೆ. ಹೊರಬರುವ ಮರಿ ಮೊದಲು ಅದನ್ನು ತಿನ್ನುತ್ತದೆ. ಸಂಶೋಧಕರು ಆ ಗುಳಿಗೆಯನ್ನು ತೆಗೆದುಬಿಟ್ಟಾಗ ಹೆಚ್ಚಿನ ಮರಿಗಳು ಬದುಕಲಿಲ್ಲ. ಸುತ್ತ ಎಲೆ ಬೇಕಾದಷ್ಟಿತ್ತು, ಅರಗಿಸುವ ದಾರಿ ಇರಲಿಲ್ಲ ಅಷ್ಟೇ.

ವಿಷವನ್ನು ತಡೆಯುವುದು, ಆಮೇಲೆ ಕದಿಯುವುದು

ನಾರಿಗಿಂತ ದೊಡ್ಡ ತಲೆನೋವು ವಿಷ. ಇಲ್ಲಿ ಎಲೆ ಜೀರುಂಡೆಗಳ ಚಾತುರ್ಯಕ್ಕೆ ಕೊನೆಯೇ ಇಲ್ಲ.

ಕೆಲವರದ್ದು ಬರೀ ಹಲ್ಲಿನ ಕೆಲಸ. ಎಕ್ಕದ ಬಳಗದ ಗಿಡಗಳನ್ನು ಗಾಯ ಮಾಡಿದರೆ ಬಿಳಿ ಹಾಲು ಉಕ್ಕಿ ಬಾಯಿಯನ್ನು ಅಂಟಿಸಿಬಿಡುತ್ತದೆ. ಅಮೆರಿಕದ ಲ್ಯಾಬಿಡೋಮೆರಾ ಎಂಬ ಜೀರುಂಡೆ ಊಟಕ್ಕೆ ಮೊದಲು ಎಲೆಯ ನರಗಳನ್ನು ಕಡಿಯುತ್ತದೆ. ಹಾಲು ಅಲ್ಲೇ ಸೋರಿಹೋಗುತ್ತದೆ. ಕಡಿದ ಜಾಗದಿಂದಾಚೆಗಿನ ಭಾಗಕ್ಕೆ ಹಾಲಿನ ಹರಿವು ನಿಂತ ಮೇಲೆ ನಿಧಾನಕ್ಕೆ ಮೇಯುತ್ತದೆ. ಮೆಕ್ಸಿಕೋದ ಬರ್ಸೆರಾ ಮರಗಳಲ್ಲಿ ಕೆಲವಂತೂ ಎಲೆ ಕಚ್ಚಿದ ಕೂಡಲೇ ಒತ್ತಡದಲ್ಲಿರುವ ರಾಳವನ್ನು ಪಿಚಕಾರಿಯಂತೆ ಹಾರಿಸುತ್ತವೆ. ಬ್ಲೆಫಾರಿಡಾ ಮರಿಹುಳುಗಳು ಅದನ್ನೂ ನರ ಕಡಿದೇ ಸೋಲಿಸುತ್ತವೆ. ಆದರೆ ಹಾಗೆ ಕಡಿಯುತ್ತ ಕೂರುವುದಕ್ಕೆ ಊಟಕ್ಕಿಂತ ಜಾಸ್ತಿ ಹೊತ್ತು ಬೇಕಾಗಬಹುದು. ಗಿಡ ಪೂರ್ತಿ ಸೋತಿಲ್ಲ ಅನ್ನಿ.

ಇನ್ನು ಕೆಲವು ತಮ್ಮ ದೇಹವನ್ನೇ ಬದಲಿಸಿಕೊಂಡಿವೆ. ಡಾಗ್‌ಬೇನ್ ಎಂಬ ಗಿಡದಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ. ಅದು ಪ್ರಾಣಿಗಳ ಜೀವಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಾಗಿಸುವ ಒಂದು ಪ್ರೋಟೀನಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಆ ಗಿಡವನ್ನೇ ತಿನ್ನುವ ಕ್ರೈಸೋಕಸ್ ಜೀರುಂಡೆಯಲ್ಲಿ ಆ ಪ್ರೋಟೀನಿನ ಒಂದು ಜಾಗದ ಅಮೈನೋ ಆಮ್ಲ ಬದಲಾಗಿದೆ. ವಿಷ ಸರಿಯಾಗಿ ಅಂಟುವುದಿಲ್ಲ. ಮೊನಾರ್ಕ್ ಚಿಟ್ಟೆಯಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಇದೆ! ಚಿಟ್ಟೆಗೂ ಜೀರುಂಡೆಗೂ ಏನು ನೆಂಟಸ್ತನ? ಬಹಳ ದೂರದ್ದು. ಒಂದೇ ಬೀಗಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಕೀಲಿ ಮಾಡಿಕೊಂಡಿದ್ದಾರೆ.

ವಿಷವನ್ನು ತಡೆದುಕೊಂಡ ಮೇಲೆ ಮುಂದಿನ ಹೆಜ್ಜೆ ಅದನ್ನು ತನ್ನದಾಗಿಸಿಕೊಳ್ಳುವುದು. ಸಾಸಿವೆ ಕುಟುಂಬದ ಗಿಡಗಳಲ್ಲಿ ಗ್ಲೂಕೋಸಿನೋಲೇಟ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಎಲೆ ಜಗಿದಾಗ ಎರಡೂ ಸೇರಿ ಖಾರದ ವಿಷ ಹುಟ್ಟುತ್ತದೆ. ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವ ಘಾಟು ಅದೇ. ಫಿಲ್ಲೊಟ್ರೆಟಾ ಎಂಬ ಚಿಗಟ ಜೀರುಂಡೆ ಆ ವಸ್ತುವನ್ನು ಹಾಗೇ ಮೈಯಲ್ಲಿ ಕೂಡಿಡುತ್ತದೆ. ಒಡೆಯುವ ಕಿಣ್ವವನ್ನು ಮಾತ್ರ ತಾನೇ ತಯಾರಿಸಿಕೊಳ್ಳುತ್ತದೆ. ಅಂದರೆ ಗಿಡದ ಇಡೀ ವ್ಯವಸ್ಥೆಯ ನಕಲು ಅದರ ದೇಹದಲ್ಲೇ ಇದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ವಿಲೋ ಮತ್ತು ಪೋಪ್ಲರ್ ಮರಗಳ ಕ್ರೈಸೊಮೆಲಾ ಮರಿಗಳ ಲೆಕ್ಕಾಚಾರ. ಈ ಮರಗಳಲ್ಲಿ ಸ್ಯಾಲಿಸಿನ್ ಎಂಬ ಕಹಿ ವಸ್ತುವಿದೆ. ಮರಿಯ ಬೆನ್ನಿನ ಮೇಲೆ ಒಂಬತ್ತು ಜೊತೆ ಗ್ರಂಥಿಗಳು. ಸ್ಯಾಲಿಸಿನ್ ಅಲ್ಲಿಗೆ ಹೋಗಿ ಎರಡಾಗಿ ಒಡೆಯುತ್ತದೆ. ಒಂದು ಭಾಗ ಸ್ಯಾಲಿಸಿಲಾಲ್ಡಿಹೈಡ್, ಘಾಟಿನ ವಿಕರ್ಷಕ. ಇರುವೆ ಮುಟ್ಟಿದರೆ ಗ್ರಂಥಿಗಳಿಂದ ಇದರ ಹನಿಗಳು ಹೊರಗೆ ಉಬ್ಬುತ್ತವೆ. ಇನ್ನೊಂದು ಭಾಗ ಗ್ಲೂಕೋಸ್, ಸೀದಾ ಹೊಟ್ಟೆಗೆ. ಗಿಡ ಕೊಟ್ಟ ವಿಷದಿಂದ ಆಯುಧವೂ ಬಂತು, ಸಕ್ಕರೆಯೂ ಸಿಕ್ಕಿತು. ಅಪಾಯ ದಾಟಿದರೆ ಹನಿಗಳನ್ನು ಚೆಲ್ಲದೆ ವಾಪಸ್ ಒಳಕ್ಕೆ ಎಳೆದುಕೊಳ್ಳುತ್ತದೆ. ಜಿಪುಣರ ಮನೆಯ ಮಗು!

ಆಸ್ಟ್ರೇಲಿಯಾದಲ್ಲಿ ನೀಲಗಿರಿ ಮರ ತಿನ್ನುವ ನೆಂಟರು ಇದೇ ಥರ ಹೈಡ್ರೋಜನ್ ಸೈನೈಡ್ ಬಿಡುತ್ತಾರೆ. ಆದರೆ ವಿಷದ ವಿಷಯದಲ್ಲಿ ಎಲ್ಲರಿಗಿಂತ ಹೆಸರಾದದ್ದು ಆಫ್ರಿಕಾದ ಡಯಾಂಫಿಡಿಯಾ. ಇದರ ಮರಿಹುಳುಗಳು ಕಾಮಿಫೋರಾ ಪೊದೆಯ ಎಲೆ ತಿಂದು ಬೆಳೆದು, ಬುಡದ ಮಣ್ಣಿನೊಳಗೆ ಗೂಡು ಕಟ್ಟಿಕೊಳ್ಳುತ್ತವೆ. ಕಾಲಹಾರಿ ಮರುಭೂಮಿಯ ಸಾನ್ ಜನರು ಅವನ್ನು ಅಗೆದು ತೆಗೆದು, ಒಳಗಿನ ರಸವನ್ನು ಬಾಣಕ್ಕೆ ಸವರುತ್ತಾರೆ. ಇದರ ವಿಷ ಒಂದು ಪ್ರೋಟೀನ್. ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೆಲಸ ನಿಧಾನ. ಬಾಣ ತಗುಲಿದ ದೊಡ್ಡ ಪ್ರಾಣಿ ಬಹಳ ದೂರ ಹೋಗಿ ಬೀಳುತ್ತದೆ. ಬೇಟೆಗಾರರು ಅದರ ಜಾಡು ಹಿಡಿದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯಬೇಕು.

ಗಿಡದ ಕಡೆಯೂ ಸುಮ್ನೆ ಕೂತಿಲ್ಲ. ಎಲ್ಮ್ ಮರದ ಎಲೆಯ ಮೇಲೆ ಎಲ್ಮ್ ಜೀರುಂಡೆ ಮೊಟ್ಟೆ ಇಟ್ಟರೆ ಸಾಕು, ಮರ ಬೇರೆಯದೇ ವಾಸನೆ ಬಿಡಲು ಶುರು ಮಾಡುತ್ತದೆ. ಆ ವಾಸನೆ ಹಿಡಿದು ಬರುವುದು ಒಂದು ಪುಟ್ಟ ಕಣಜ. ಅದು ಜೀರುಂಡೆಯ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಇನ್ನೂ ಯಾರೂ ಎಲೆ ತಿಂದಿಲ್ಲ. ಆಗಲೇ ಮರ ಕಾವಲುಗಾರರನ್ನು ಕರೆದಾಯಿತು.

ಇಷ್ಟು ಬಗೆಯ ಗಿಡಗಳು, ಗಿಡಕ್ಕೊಂದು ರಸಾಯನ. ಒಂದನ್ನು ಗೆದ್ದವರಿಗೆ ಇನ್ನೊಂದು ಗೊತ್ತಿಲ್ಲ. ಹಾಗಾಗಿ ಎಲೆ ಜೀರುಂಡೆಗಳಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುವವರು ಕಮ್ಮಿ. ಒಂದೇ ಕುಟುಂಬದ, ಕೆಲವೊಮ್ಮೆ ಒಂದೇ ಜಾತಿಯ ಗಿಡಕ್ಕೆ ಕಟ್ಟುಬಿದ್ದವರೇ ಜಾಸ್ತಿ. ಹೊಸ ಗಿಡಕ್ಕೆ ಜಿಗಿದ ಗುಂಪು ಹಳೆಯದರಿಂದ ದೂರವಾಗುತ್ತ ಬೇರೆ ಪ್ರಭೇದವಾಗಬಹುದು. 1998ರಲ್ಲಿ ಬ್ರಯಾನ್ ಫ್ಯಾರೆಲ್ ಎಂಬ ಜೀವವಿಜ್ಞಾನಿ ಇದನ್ನು ವಂಶವೃಕ್ಷ ಕಟ್ಟಿ ತೋರಿಸಿದರು. ಹೂಬಿಡುವ ಗಿಡಗಳನ್ನು ತಿನ್ನಲು ಹೋದ ಜೀರುಂಡೆ ಕವಲುಗಳು, ಹಳೆಯ ಕಾಲದ ಸೈಕಸ್, ಪೈನ್‌ಗಳಲ್ಲೇ ಉಳಿದ ಕವಲುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಪ್ರಭೇದಗಳಾಗಿ ಒಡೆದಿವೆ ಎಂಬುದು ಅವರ ವಾದ. ಇಷ್ಟೇ ಪೂರ್ತಿ ಕಾರಣವೇ ಎಂಬ ಚರ್ಚೆ ಆಮೇಲೂ ನಡೆದಿದೆ. ಆದರೆ 35,000 ಎಂಬ ಸಂಖ್ಯೆಯ ಹಿಂದೆ ಹೂಬಿಡುವ ಗಿಡಗಳ ವೈವಿಧ್ಯದ ಕೈವಾಡವಿದೆ ಎನ್ನುವುದನ್ನು ಅಲ್ಲಗಳೆಯುವುದು ಕಷ್ಟ.

ಬಯಲಿನಲ್ಲಿ ಉಳಿಯುವ ಉಪಾಯಗಳು

ಊಟದ ಕಥೆ ಹೀಗಾಯಿತು. ಈಗ ಎಲೆಯ ಮೇಲೆ ಉಳಿಯುವ ಕಥೆ.

ಮೊದಲ ಉಪಾಯ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಅಮೆರಿಕದ ಫ್ಲಾರಿಡಾದಲ್ಲಿ ಪಾಮೆಟೋ ಎಂಬ ತಾಳೆಯ ಗರಿಯ ಮೇಲೆ ಹೆಮಿಸ್ಫೆರೋಟಾ ಸಯಾನಿಯಾ ಎಂಬ ನೀಲಿ ಆಮೆ ಜೀರುಂಡೆ ಇರುತ್ತದೆ. ಅದರ ಆರು ಪಾದಗಳಲ್ಲಿ ಒಟ್ಟು ಸುಮಾರು 60,000 ಬಿರುಗೂದಲುಗಳು, ಪ್ರತಿಯೊಂದರ ತುದಿಯೂ ಎರಡಾಗಿ ಸೀಳಿದೆ. ಸುಮ್ಮನೆ ನಡೆಯುವಾಗ ಸ್ವಲ್ಪವೇ ಕೂದಲನ್ನು ಊರುತ್ತದೆ. ಇರುವೆ ಬಂದಾಗ ಅಷ್ಟನ್ನೂ ಒತ್ತಿ, ತೆಳ್ಳನೆ ಎಣ್ಣೆಯ ಪದರದ ಮೇಲೆ ಗರಿಗೆ ಕಚ್ಚಿಕೊಂಡುಬಿಡುತ್ತದೆ. 2000ನೇ ಇಸವಿಯಲ್ಲಿ ಥಾಮಸ್ ಐಸ್ನರ್ ಮತ್ತು ಡೇನಿಯಲ್ ಅನೆಶಾನ್ಸ್‌ಲಿ ಇದನ್ನು ಅಳೆದರು. ತನ್ನ ತೂಕದ ಸುಮಾರು 60 ಪಟ್ಟು ಬಲದಿಂದ ಎಳೆದರೂ ಎರಡು ನಿಮಿಷ ಬಿಡಲಿಲ್ಲ. ಇರುವೆಗಳು ಬೇಸತ್ತು ಹೋಗುವುದಕ್ಕೆ ಅಷ್ಟು ಸಾಕು. ಹಂತಕ ತಿಗಣೆ ಮಾತ್ರ ಎಳೆಯುವ ಗೋಜಿಗೆ ಹೋಗದೆ ಸೀದಾ ಚುಚ್ಚಿ ಹೀರುತ್ತದೆ.

ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ: ಹಾರಿಬಿಡುವುದು. ಚಿಗಟ ಜೀರುಂಡೆಗಳದ್ದು ಎಂಟು ಸಾವಿರಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಬಳಗ. ಎಳೆ ಎಲೆಗಳಲ್ಲಿ ಗುಂಡುಸೂಜಿಯಿಂದ ಚುಚ್ಚಿದಂಥ ತೂತುಗಳು ಕಂಡರೆ ಹೆಚ್ಚಾಗಿ ಇವರದ್ದೇ ಕೆಲಸ. ಇವುಗಳ ಹಿಂದಿನ ತೊಡೆ ದಪ್ಪ. ಒಳಗೆ ಸುರುಳಿಯಂತೆ ಬಾಗಿದ ಗಟ್ಟಿ ಸ್ಪ್ರಿಂಗ್ ಒಂದಿದೆ. ಸ್ನಾಯು ನಿಧಾನವಾಗಿ ಎಳೆದು ಅದರಲ್ಲಿ ಶಕ್ತಿ ತುಂಬುತ್ತದೆ. ಬಿಟ್ಟಾಗ ಒಮ್ಮೆಲೇ ಚಿಮ್ಮುತ್ತದೆ. ಈ ಭಾಗವನ್ನು 1929ರಲ್ಲಿ ವಿವರಿಸಿದವರು ಸಮರೇಂದ್ರ ಮೌಲಿಕ್. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದ ಈ ಭಾರತೀಯ ಕೀಟವಿಜ್ಞಾನಿಯ ಹೆಸರಿನಿಂದಲೇ ಅದನ್ನು ಮೌಲಿಕ್ ಅಂಗ ಎಂದು ಕರೆಯುತ್ತಾರೆ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ಎಲೆ ಜೀರುಂಡೆಗಳ ಸಂಪುಟಗಳನ್ನು 1919, 1926 ಮತ್ತು 1936ರಲ್ಲಿ ಬರೆದವರೂ ಅವರೇ. ಅವರ ಹೆಸರು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು.

ಮೂರನೆಯ ಉಪಾಯ ಹೇಳುವಾಗ ಸ್ವಲ್ಪ ಮುಖ ಕಿವುಚಬಹುದು. ಹಿಕ್ಕೆ. ಎಲೆ ತಿನ್ನುವವರ ಬಳಿ ಯಾವತ್ತೂ ಕೊರತೆಯಾಗದ ವಸ್ತು ಅದು. ಹಾಗಾಗಿ ಈ ಕುಟುಂಬ ಅದರಿಂದ ಏನೇನೋ ಮಾಡುತ್ತದೆ. ಲಿಲಿ ಜೀರುಂಡೆಯ ಮರಿಗಳು ಹಿಕ್ಕೆಯನ್ನು ಬೆನ್ನ ಮೇಲೆ ಮೆತ್ತಿಕೊಂಡು ಓಡಾಡುತ್ತವೆ. ಗುದದ್ವಾರ ಬೆನ್ನಿನ ಕಡೆಗೇ ತೆರೆದಿರುವುದರಿಂದ ಕೆಲಸ ಸಲೀಸು. ಆಮೆ ಜೀರುಂಡೆಯ ಮರಿಗೆ ಬಾಲದ ತುದಿಯಲ್ಲಿ ಕವಲುಕೋಲಿನಂಥ ಭಾಗವಿದೆ. ಹಳೆಯ ಪೊರೆ ಮತ್ತು ಹಿಕ್ಕೆಯನ್ನು ಅದರ ಮೇಲೆ ಪೇರಿಸಿ ಗುರಾಣಿಯಂತೆ ಎತ್ತಿ ಹಿಡಿಯುತ್ತದೆ. ಇರುವೆ ಯಾವ ಕಡೆಯಿಂದ ಬಂತೋ ಆ ಕಡೆಗೆ ಬೀಸುತ್ತದೆ. ಗಿಡದ ವಿಷವೂ ಅದರಲ್ಲಿ ಸೇರಿರಬಹುದಾದ್ದರಿಂದ ಅದು ಬರೀ ಅಡ್ಡಗೋಡೆ ಅಲ್ಲ. ಮೇಲೆ ಹೇಳಿದ ನೀಲಿ ಜೀರುಂಡೆಯ ಮರಿಯಂತೂ ಹಿಕ್ಕೆಯನ್ನು ಉದ್ದುದ್ದ ಎಳೆಗಳಾಗಿ ಹೊರಹಾಕಿ, ಮೈಮೇಲೆ ಹುಲ್ಲಿನ ಚಾವಣಿಯಂಥದ್ದನ್ನು ಕಟ್ಟಿಕೊಂಡು ಅದರ ಕೆಳಗೆ ಮೇಯುತ್ತದೆ.

ಇನ್ನೊಂದು ಬಳಗದಲ್ಲಿ ಇದು ತಾಯಿಯಿಂದಲೇ ಶುರುವಾಗುತ್ತದೆ. ತಾಯಿ ಪ್ರತಿ ಮೊಟ್ಟೆಯನ್ನೂ ಹಿಂಗಾಲುಗಳಲ್ಲಿ ತಿರುಗಿಸುತ್ತ ಹಿಕ್ಕೆಯ ಚಿಪ್ಪುಗಳಿಂದ ಮುಚ್ಚುತ್ತದೆ. ಮರಿ ಆ ಪೆಟ್ಟಿಗೆಯನ್ನು ಬಿಡುವುದಿಲ್ಲ, ಬೆಳೆದಂತೆ ದೊಡ್ಡದು ಮಾಡಿಕೊಂಡು ಒಳಗೇ ಇರುತ್ತದೆ. ಯುರೋಪಿನ ಕ್ಲೈಟ್ರಾ ಎಂಬ ಕೆಂಪು ಜೀರುಂಡೆ ಇಂಥ ಮೊಟ್ಟೆಗಳನ್ನು ಇರುವೆ ಗೂಡಿನ ಹತ್ತಿರ ಬೀಳಿಸುತ್ತದೆ. ಇರುವೆಗಳು ಅದನ್ನು ಹೊತ್ತು ಗೂಡಿಗೆ ಒಯ್ಯುತ್ತವೆ. ಒಳಗೆ ಮರಿ ಪೆಟ್ಟಿಗೆಯ ಬಾಗಿಲಲ್ಲಿ ತಲೆ ಇಟ್ಟುಕೊಂಡು ಗೂಡಿನ ಕಸವನ್ನೂ ಇರುವೆ ಮೊಟ್ಟೆಗಳನ್ನೂ ತಿಂದು ಬೆಳೆಯುತ್ತದೆ. ಎಲೆ ತಿನ್ನುವ ಕುಟುಂಬ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಬಣ್ಣದ ಆಟವೂ ಇದೆ. ಪನಾಮಾದ ಕ್ಯಾರಿಡೊಟೆಲ್ಲಾ ಎಗ್ರೀಜಿಯಾ ಸುಮ್ಮನಿದ್ದಾಗ ಅಪ್ಪಟ ಚಿನ್ನದ ಬಣ್ಣ. ಕೆಣಕಿದರೆ ಒಂದೆರಡು ನಿಮಿಷದಲ್ಲಿ ಕೆಂಪಾಗುತ್ತದೆ. 2007ರಲ್ಲಿ ಇದರ ಗುಟ್ಟು ಗೊತ್ತಾಯಿತು. ಕವಚದಲ್ಲಿ ತೆಳುವಾದ ಪದರಗಳು ಒಂದರ ಮೇಲೊಂದು ಇವೆ, ಅವುಗಳಲ್ಲಿ ಸಣ್ಣ ರಂಧ್ರಗಳು. ರಂಧ್ರಗಳಲ್ಲಿ ದ್ರವ ತುಂಬಿದ್ದಾಗ ಪದರಗಳು ನಯವಾಗಿ ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ದ್ರವ ಬರಿದಾದರೆ ಕನ್ನಡಿ ಕೆಡುತ್ತದೆ, ಕೆಳಗಿನ ಕೆಂಪು ಬಣ್ಣ ಕಾಣುತ್ತದೆ. ಇಂಥ ಜೀರುಂಡೆ ಸತ್ತು ಒಣಗಿದರೆ ಚಿನ್ನದ ಬಣ್ಣ ಮಾಯ. ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಅವುಗಳ ಅಂದ ಉಳಿಯುವುದಿಲ್ಲ.

ತಾಯಿಯ ಕಾವಲೂ ಇದೆ. ಅದೇ ಪನಾಮಾದ ಆಕ್ರೋಮಿಸ್ ಸ್ಪಾರ್ಸಾ ತನ್ನ ಮೊಟ್ಟೆಗಳನ್ನೂ ಮರಿಗಳನ್ನೂ ಜೊತೆಯಲ್ಲೇ ಇದ್ದು ಕಾಯುತ್ತದೆ. ಇನ್ನು ಕೆಲವು ಪ್ರಭೇದಗಳ ಮರಿಗಳು ತಾವೇ ವೃತ್ತಾಕಾರವಾಗಿ ಒತ್ತಿ ಕೂತು, ಸುತ್ತಲಿನ ಎಲ್ಲ ದಿಕ್ಕಿಗೂ ಒಟ್ಟಿಗೇ ಪ್ರತಿರೋಧ ತೋರಿಸುತ್ತವೆ.

ಬಯಲನ್ನೇ ಬಿಟ್ಟವರು

ಎಲೆಯ ಮೇಲಿನ ಕಷ್ಟವೇ ಬೇಡ ಎಂದು ಒಳಗೆ ಸೇರಿಕೊಂಡವರೂ ಇದ್ದಾರೆ. ಭತ್ತದ ಹಿಸ್ಪಾ ಎಂಬ ಮುಳ್ಳು ಮೈಯ ಜೀರುಂಡೆಯ ಮರಿ ಎಲೆಯ ಮೇಲ್ಪೊರೆ, ಕೆಳಪೊರೆಗಳ ನಡುವೆ ಸುರಂಗ ಕೊರೆದುಕೊಂಡು ಅಲ್ಲೇ ಬೆಳೆಯುತ್ತದೆ. ಕಪ್ಪೆಗಾಲಿನ ಸಾಗ್ರಾ ಮರಿಗಳು ಕಾಂಡದೊಳಗೆ ಇರುತ್ತವೆ. ಅವುಗಳ ಗಂಡಿಗೆ ಹಿಂದಿನ ತೊಡೆ ವಿಪರೀತ ದಪ್ಪ. ಹಾರುವುದಕ್ಕಲ್ಲ, ಇನ್ನೊಂದು ಗಂಡಿನ ಜೊತೆ ಗುದ್ದಾಡುವುದಕ್ಕೆ.

ನೀರಿಗೆ ಇಳಿದದ್ದು ಡೊನೇಸಿಯಾ ಬಳಗ. ನೈದಿಲೆಯಂಥ ಗಿಡಗಳ ಬೇರು ಕೆಸರಿನಲ್ಲಿರುತ್ತದೆ. ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಮ್ಮಿ. ಗಿಡ ಎಲೆಯಿಂದ ಬೇರಿನವರೆಗೆ ಗಾಳಿಯ ಕೊಳವೆ ಇಟ್ಟುಕೊಂಡಿರುತ್ತದೆ. ಡೊನೇಸಿಯಾ ಮರಿಯ ಬಾಲದಲ್ಲಿ ಎರಡು ಟೊಳ್ಳು ಕೊಕ್ಕೆಗಳು. ಅವನ್ನು ಬೇರಿಗೆ ಚುಚ್ಚಿ ಗಿಡದ ಗಾಳಿಯನ್ನೇ ಉಸಿರಾಡುತ್ತದೆ. ಊಟವೂ ಆ ಬೇರಿನದ್ದೇ.

ಕಾಳಿನೊಳಗೆ ಸೇರಿದ ಕ್ಯಾಲೊಸೋಬ್ರೂಕಸ್ ಬಗ್ಗೆ ಒಂದು ಮಾತು ಸಾಕು. ತಾಯಿ ಕಾಳಿನ ಮೇಲೆ ಮೊಟ್ಟೆ ಅಂಟಿಸುತ್ತದೆ, ಮರಿ ಕೊರೆದು ಒಳಹೋಗುತ್ತದೆ, ಪ್ರೌಢ ಕೀಟ ದುಂಡನೆಯ ತೂತು ಮಾಡಿ ಹೊರಬರುತ್ತದೆ. ಹೊರಬಂದ ಮೇಲೆ ಅನ್ನ ನೀರಿಲ್ಲದೆಯೂ ಜೊತೆಗೂಡಿ ಮೊಟ್ಟೆ ಇಡಬಲ್ಲದು. ಮುಚ್ಚಿದ ಡಬ್ಬಿಯಲ್ಲಿ ಹುಳ ಹೇಗೆ ಹೆಚ್ಚುತ್ತವೆ ಎನ್ನುವುದಕ್ಕೆ ಉತ್ತರ ಇಷ್ಟೇ.

ಬೆಳೆಯ ಶತ್ರು, ಕಳೆಯ ಶತ್ರು

ಒಂದೇ ಗಿಡಕ್ಕೆ ಕಟ್ಟುಬಿದ್ದ ಕೀಟದ ಮುಂದೆ ಆ ಗಿಡದ ನೆಂಟನನ್ನು ಸಾವಿರಾರು ಎಕರೆ ಬೆಳೆದರೆ ಏನಾಗುತ್ತದೆ? ಕೊಲರಾಡೋ ಆಲೂಗಡ್ಡೆ ಜೀರುಂಡೆಯ ಇತಿಹಾಸ ಅದೇ. ಹಳದಿ ಬೆನ್ನ ಮೇಲೆ ಹತ್ತು ಕಪ್ಪು ಗೆರೆಗಳ ಈ ಕೀಟವನ್ನು 1824ರಲ್ಲಿ ಥಾಮಸ್ ಸೇ ಎಂಬ ಕೀಟವಿಜ್ಞಾನಿ ವಿವರಿಸಿದಾಗ ಅದು ಬದನೆ ಬಳಗದ ಒಂದು ಮುಳ್ಳುಕಳೆಯನ್ನು ತಿಂದುಕೊಂಡು ತನ್ನ ಪಾಡಿಗಿತ್ತು. ವಲಸಿಗರು ಅದೇ ಬಳಗದ ಆಲೂಗಡ್ಡೆಯನ್ನು ಹತ್ತಿರ ತಂದು ಬೆಳೆದರು. 1859ರಲ್ಲಿ ಅಮೆರಿಕದ ನೆಬ್ರಾಸ್ಕಾದ ಆಲೂ ಹೊಲಗಳಲ್ಲಿ ಹಾವಳಿ ಕಂಡಿತು. 1874ರ ಹೊತ್ತಿಗೆ ಅಟ್ಲಾಂಟಿಕ್ ಕರಾವಳಿ ಮುಟ್ಟಿತು. 1922ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ನೆಲೆಯೂರಿತು. 1950ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಇದನ್ನು ಅಮೆರಿಕದ ವಿಮಾನಗಳು ಸುರಿದ ಆಯುಧ ಎಂದು ಪ್ರಚಾರ ಮಾಡಿತು. ಅದಕ್ಕೆ ಆಧಾರವಿರಲಿಲ್ಲ. ಜೀರುಂಡೆಗೆ ವಿಮಾನದ ಸಹಾಯವೇ ಬೇಕಿರಲಿಲ್ಲ.

ಇದು 50ಕ್ಕೂ ಹೆಚ್ಚು ಕೀಟನಾಶಕಗಳಿಗೆ ಬಗ್ಗದಂತೆ ಆಗಿದೆ. ಬದನೆ ಬಳಗದ ವಿಷಗಳನ್ನು ತಲೆಮಾರುಗಟ್ಟಲೆ ಅರಗಿಸಿಕೊಂಡು ಬಂದ ದೇಹಕ್ಕೆ ಹೊಸ ವಿಷವನ್ನು ನಿಭಾಯಿಸುವ ಸಾಮಾನು ಮೊದಲೇ ಇತ್ತು ಎಂಬುದು ಹಲವರು ಕೊಡುವ ವಿವರಣೆ. ನನಗೂ ಅದು ಸರಿ ಅನ್ನಿಸುತ್ತದೆ.

ಮುಸುಕಿನ ಜೋಳದ ಬೇರುಹುಳುಗಳು ಇನ್ನೂ ಜಾಣರು. ಅಮೆರಿಕದ ರೈತರು ಒಂದು ವರ್ಷ ಜೋಳ, ಮರುವರ್ಷ ಸೋಯಾ ಬೆಳೆದು ಇವನ್ನು ಹಸಿವಿನಿಂದ ಸಾಯಿಸುತ್ತಿದ್ದರು. ಒಂದು ಪ್ರಭೇದದ ಮೊಟ್ಟೆಗಳು ಮಣ್ಣಿನಲ್ಲಿ ಒಂದರ ಬದಲು ಎರಡು ಚಳಿಗಾಲ ಮಲಗಲು ಕಲಿತವು. ಇನ್ನೊಂದು ಪ್ರಭೇದ ಸೋಯಾ ಹೊಲಕ್ಕೇ ಹೋಗಿ ಮೊಟ್ಟೆ ಇಡತೊಡಗಿತು, ಮುಂದಿನ ವರ್ಷ ಅಲ್ಲಿ ಜೋಳ ಬರುತ್ತದಲ್ಲ! ಇದು 1992ರಲ್ಲಿ ಬೆಲ್‌ಗ್ರೇಡ್ ವಿಮಾನ ನಿಲ್ದಾಣದ ಹತ್ತಿರ ಕಾಣಿಸಿಕೊಂಡು ಯುರೋಪಿಗೂ ಹಬ್ಬಿತು.

ಆದರೆ ಅದೇ ಕಟ್ಟುಬೀಳುವ ಗುಣವನ್ನು ಕಳೆಯ ಮೇಲೆ ತಿರುಗಿಸಬಹುದು. ದನಗಳ ಚರ್ಮ ಬಿಸಿಲಿಗೆ ಸುಡುವಂತೆ ಮಾಡುವ ಹೈಪೆರಿಕಮ್ ಕಳೆಯನ್ನು ಕ್ಯಾಲಿಫೋರ್ನಿಯಾದಲ್ಲಿ 1940ರ ದಶಕದಲ್ಲಿ ತಂದು ಬಿಟ್ಟ ಕ್ರೈಸೊಲೈನಾ ಜೀರುಂಡೆಗಳು ಹತೋಟಿಗೆ ತಂದವು. ಭಾರತದಲ್ಲಿ ಪಾರ್ಥೇನಿಯಂ ವಿರುದ್ಧ ಮೆಕ್ಸಿಕೋದ ಜೈಗೋಗ್ರಾಮಾ ಬೈಕಲರಾಟಾವನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಎಲೆ ಬೋಳಿಸುತ್ತದೆ, ಒಣಕಾಲದಲ್ಲಿ ಮಣ್ಣಿಗಿಳಿದು ಮಲಗುತ್ತದೆ. ಕೆಲವು ವರ್ಷಗಳಾದ ಮೇಲೆ ಅದು ಸೂರ್ಯಕಾಂತಿ ಎಲೆಯ ಮೇಲೆ ಕಂಡು ಗದ್ದಲವೆದ್ದಿತು. ಎರಡೂ ಒಂದೇ ಕುಟುಂಬದ ಗಿಡಗಳಾದ್ದರಿಂದ ಭಯ ಸಹಜವೇ. ಪರೀಕ್ಷಿಸಿದಾಗ ಒಂದು ಸ್ವಾರಸ್ಯ ಸಿಕ್ಕಿತು: ಪಕ್ಕದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಉದುರಿದ್ದಾಗ ಜೀರುಂಡೆ ಅದನ್ನು ಕಚ್ಚುತ್ತಿತ್ತು. ರುಚಿ ಪರಾಗದ್ದು, ಪೆಟ್ಟು ಎಲೆಗೆ.

ಎಲ್ಲವೂ ಇಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ. ಅಮೆರಿಕದ ಪಶ್ಚಿಮದ ನದಿದಂಡೆಗಳನ್ನು ಆವರಿಸಿದ ಟ್ಯಾಮರಿಸ್ಕ್ ಪೊದೆಗಳ ಮೇಲೆ 2001ರಲ್ಲಿ ಏಷ್ಯಾದ ಡಯೋರ್ಹಾಬ್ಡಾ ಜೀರುಂಡೆಗಳನ್ನು ಬಿಟ್ಟರು. ಅವು ಚಳಿಗಾಲದ ನಿದ್ದೆಗೆ ಹೋಗುವುದು ಹಗಲಿನ ಉದ್ದ ನೋಡಿ. ದಕ್ಷಿಣದಲ್ಲಿ ಬೇಸಿಗೆಯ ಹಗಲು ಚಿಕ್ಕದು, ಅಲ್ಲಿ ತೀರಾ ಬೇಗ ಮಲಗಿ ನಾಶವಾಗುತ್ತವೆ, ಹಾಗಾಗಿ ಆ ಕಡೆ ಹಬ್ಬಲಾರವು ಎಂಬ ಲೆಕ್ಕವಿತ್ತು. ಕೆಲವೇ ವರ್ಷಗಳಲ್ಲಿ ಆ ಗಡಿಯಾರವೇ ಬದಲಾಯಿತು, ಜೀರುಂಡೆಗಳು ದಕ್ಷಿಣಕ್ಕೆ ನಡೆದವು. ಅಲ್ಲಿ ಅಳಿವಿನಂಚಿನ ನೊಣಹಿಡುಕ ಹಕ್ಕಿಯೊಂದು, ಸ್ಥಳೀಯ ವಿಲೋಗಳು ಇಲ್ಲದಾದ ಮೇಲೆ, ಇದೇ ಟ್ಯಾಮರಿಸ್ಕ್ ಪೊದೆಗಳಲ್ಲಿ ಗೂಡು ಕಟ್ಟುವುದನ್ನು ರೂಢಿಸಿಕೊಂಡಿತ್ತು. 2010ರಲ್ಲಿ ಅಮೆರಿಕದ ಕೃಷಿ ಇಲಾಖೆ ಕಾರ್ಯಕ್ರಮವನ್ನು ನಿಲ್ಲಿಸಿತು. ಆಗಲೇ ಬಿಟ್ಟಾಗಿದ್ದ ಜೀರುಂಡೆಗಳನ್ನು ಮಾತ್ರ ವಾಪಸ್ ಕರೆಸುವ ದಾರಿ ಇರಲಿಲ್ಲ.